ಮನೆಗೊಂದು ಕಡತ

ಮೂರು ವರ್ಷದ ಹಿಂದೆ ಒಂದು ರಾತ್ರಿ ಅಮ್ಮ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೂಗಿದರೆ ಕಣ್ಣು ಬಿಡುತ್ತಿದ್ದಳು, ಮಾತು ಮಾತ್ರ ತೊದಲುತ್ತಿತ್ತು. ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ ತೀರ ಇಳಿದಿದೆ ಎಂದು ಗೊತ್ತಾಯಿತು. ಡ್ಯೂಟಿಯಲ್ಲಿದ್ದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಇವರು ಯಾವ್ಯಾವ ಮಾತ್ರೆ ತಗೋತಾರೆ?" ಅಪ್ಪ ನನ್ನ ಮುಖ ನೋಡಿದರು. ನಾನು ನನ್ನ ಹೆಂಡತಿಯ ಮುಖ ನೋಡಿದೆ. "ಬಿ.ಪಿ.ಗೆ ಒಂದು ಬಿಳೀ ಮಾತ್ರೆ, ಸಣ್ಣದು" ಎಂದೆ. ಅವರು ಸಮಾಧಾನದಿಂದಲೇ ಹೇಳಿದರು: "ಮುಕ್ಕಾಲುಪಾಲು ಮಾತ್ರೆ ಬಿಳೀನೇ ಇರುತ್ತೆ ಸಾರ್. ಹೆಸರು ಬೇಕು." ಮೂತ್ರ ಹೆಚ್ಚು ಹೋಗುವಂತೆ ಮಾಡುವ ಬಗೆಯ ಬಿ.ಪಿ. ಮಾತ್ರೆಗಳಿಂದ ವಯಸ್ಸಾದವರಲ್ಲಿ ಸೋಡಿಯಂ ಇಳಿಯುವುದುಂಟು. ಅದಕ್ಕೇ ಅವರು ಹೆಸರು ಕೇಳುತ್ತಿದ್ದರು.

ರಾತ್ರಿ ಒಂದೂವರೆಗೆ ಮನೆಗೆ ಓಡಿದೆ. ಬೀರು, ಟೇಬಲ್ಲಿನ ಡ್ರಾಯರು, ಟಿ.ವಿ. ಸ್ಟ್ಯಾಂಡಿನ ಕೆಳಗೆ ಎಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ದೇವರ ಮನೆಯ ಗೂಡಿನಲ್ಲಿ, ಕುಂಕುಮದ ಬಟ್ಟಲ ಹಿಂದೆ. ಅರ್ಧ ಕತ್ತರಿಸಿದ ಸ್ಟ್ರಿಪ್ಪು. ಹೆಸರು ಅಚ್ಚಾಗಿದ್ದ ಭಾಗ ಕತ್ತರಿಸಿ ಹೋಗಿತ್ತು. ಬೆಳಿಗ್ಗೆ ಮೆಡಿಕಲ್ ಶಾಪ್ ಬಾಗಿಲು ತೆಗೆದು, ಅಲ್ಲಿಯವರು ನೋಡಿ ಹೇಳುವವರೆಗೂ ಅದು ಹೆಸರಿಲ್ಲದ ಬಿಳೀ ಮಾತ್ರೆಯಾಗಿಯೇ ಉಳಿಯಿತು.

ಅಮ್ಮ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಆ ಎಂಟು ದಿನದಲ್ಲಿ ನಮಗೆ ಗೊತ್ತಿಲ್ಲದ ವಿಷಯಗಳು ಒಂದೊಂದೇ ಹೊರಬಿದ್ದವು. ಹಾಲಿನವನಿಗೆ ಎಷ್ಟು ದಿನದ ದುಡ್ಡು ಬಾಕಿ? ಗ್ಯಾಸ್ ಬುಕ್ ಮಾಡಬೇಕಾದ ಫೋನ್ ನಂಬರು ಯಾವುದು? ಕರೆಂಟ್ ಬಿಲ್ಲಿನ ಆರ್.ಆರ್. ನಂಬರು ಎಲ್ಲಿದೆ? ಅಪ್ಪನ ಸಕ್ಕರೆ ಕಾಯಿಲೆಯ ಫೈಲು ಯಾವ ಚೀಲದಲ್ಲಿದೆ? ಎದುರು ಮನೆಯವರು ಬಂದು, "ನಮ್ಮ ದೊಡ್ಡ ಕುಕ್ಕರ್ ನಿಮ್ಮಲ್ಲಿದೆ, ಪರವಾಗಿಲ್ಲ, ನಿಧಾನಕ್ಕೆ ಕೊಡಿ" ಎಂದಾಗ ಅಂಥದ್ದೊಂದು ಕುಕ್ಕರ್ ನಮ್ಮ ಮನೆಯಲ್ಲಿದೆ ಎನ್ನುವುದೇ ನನಗೆ ತಿಳಿದಿರಲಿಲ್ಲ. ನಲವತ್ತು ವರ್ಷ ನಮ್ಮ ಸಂಸಾರದ ಲೆಕ್ಕವೆಲ್ಲ ಒಬ್ಬಳ ತಲೆಯಲ್ಲಿತ್ತು. ಆ ತಲೆ ದಿಂಬಿನ ಮೇಲೆ ಮಲಗಿದಾಗ ಮನೆಗೇ ಮರೆವು ಬಂದ ಹಾಗಾಯಿತು.

ಅಮ್ಮ ಗುಣವಾಗಿ ಮನೆಗೆ ಬಂದಳು. ಬಂದ ಎರಡನೆಯ ವಾರ ನಾನೂ ಅವಳೂ ಕೂತು ಒಂದು ಪುಸ್ತಕ ಮಾಡಿದೆವು. ಇಂಥ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಪರ್ಸನಲ್ ಆರ್ಗನೈಸರ್ ಎಂಬ ಹೆಸರಿದೆ. ಅಂಗಡಿಯಲ್ಲಿ ಚರ್ಮದ ರಟ್ಟು, ಉಂಗುರದ ಕೊಂಡಿ, ಗುಂಡಿ ಹಾಕಿ ಮುಚ್ಚುವ ಪಟ್ಟಿ ಇರುವ ಚಂದದ ಆರ್ಗನೈಸರ್‌ಗಳು ಸಾವಿರಾರು ರೂಪಾಯಿಗೆ ಸಿಗುತ್ತವೆ. ನಮ್ಮದಕ್ಕೆ ಆದ ಖರ್ಚು ನೂರು ರೂಪಾಯಿಯೊಳಗೆ. ಅಮ್ಮ ಅದಕ್ಕೆ ಇಟ್ಟ ಹೆಸರು "ಮನೆ ಕಡತ".

ಆ ಹೆಸರು ಅವಳ ಬಾಯಿಗೆ ಸುಮ್ಮನೆ ಬಂದದ್ದಾದರೂ ಅದಕ್ಕೆ ಹಳೆಯ ಬೇರಿದೆ. ಕಡತ ಎಂದರೆ ಈಗ ನಮ್ಮ ಕಣ್ಣೆದುರು ಬರುವುದು ತಾಲ್ಲೂಕು ಕಚೇರಿಯ ದೂಳು ಹಿಡಿದ ಫೈಲು, ಪತ್ರಿಕೆಯಲ್ಲಿ ಓದುವ 'ಕಡತ ವಿಲೇವಾರಿ'. ಹಿಂದೆ ಕಡತ ಎಂದರೆ ಒಂದು ಬಗೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಇಡುತ್ತಿದ್ದರು. ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುವುದು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದು, ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ವ್ಯಾಪಾರಿಗಳು, ಶಾನುಭೋಗರು, ಮಠಗಳವರು ಲೆಕ್ಕಪತ್ರವನ್ನು ಇದರಲ್ಲೇ ಇಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಆಧಾರವಾಗಿವೆ. ಬಟ್ಟೆ, ಹುಣಿಸೆಬೀಜ, ಇದ್ದಿಲು, ಬಳಪ: ಯಾವುದೂ ದುಬಾರಿಯ ವಸ್ತುವಲ್ಲ. ಅಗ್ಗದ ಸಾಮಾನಿನಲ್ಲಿ ಬಾಳಿನ ಲೆಕ್ಕ ಇಡುವ ವಿದ್ಯೆ ನಮಗೆ ಹೊಸದೇನೂ ಅಲ್ಲ.

ಸಾಮಾನ್ಯ ಮನೆಗಳಲ್ಲೂ ಈ ವಿದ್ಯೆಯದೇ ತುಂಡುಗಳು ಇದ್ದವು. ಗೋಡೆಯ ಮೊಳೆಗೆ ತೂಗುಹಾಕಿದ ಕೊಕ್ಕೆ ತಂತಿ, ಅದಕ್ಕೆ ಚುಚ್ಚಿದ ಕಾಗದ-ರಸೀದಿಗಳು. ಕಂದಾಯ ಕಟ್ಟಿದ ಚೀಟಿ ಬೇಕೆಂದರೆ ತಂತಿಯಿಂದ ಮೇಲಿನದನ್ನೆಲ್ಲ ತೆಗೆದು ನೋಡಬೇಕು. ಟ್ರಂಕಿನ ಮುಚ್ಚಳದ ಒಳಮೈಯಲ್ಲಿ ಮಕ್ಕಳು ಹುಟ್ಟಿದ ದಿನ, ನಕ್ಷತ್ರ. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೀಟುಗಳಲ್ಲಿ ಮಜ್ಜಿಗೆಯ ಲೆಕ್ಕ. ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಲೆಂಡರು. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ 1921ರಿಂದ ನಮ್ಮ ಗೋಡೆಗಳ ಮೇಲಿದೆ. ಹಾಲು ಬಾರದ ದಿನಕ್ಕೆ ಒಂದು ಇಂಟು ಗುರುತು, ಹೊಸ ಗ್ಯಾಸ್ ಸಿಲಿಂಡರ್ ಹಾಕಿದ ದಿನಕ್ಕೆ ಒಂದು ಸುತ್ತು, ಯಾರದೋ ಗೃಹಪ್ರವೇಶದ ದಿನಕ್ಕೆ ಒಂದು ಚುಕ್ಕೆ. ಮುಹೂರ್ತವನ್ನೂ ಹಾಲಿನ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಹಿಡಿದಿಡುವ ಅದಕ್ಕಿಂತ ಒಳ್ಳೆಯ ಆರ್ಗನೈಸರನ್ನು ನಾನು ಕಂಡಿಲ್ಲ. ಅದರಲ್ಲಿ ಒಂದೇ ತೊಡಕು. ಡಿಸೆಂಬರ್ ಮುಗಿದ ಕೂಡಲೇ ಅದು ರದ್ದಿಗೆ ಹೋಗುತ್ತದೆ, ಜೊತೆಗೆ ವರ್ಷದ ನೆನಪೆಲ್ಲ ಹೋಗುತ್ತದೆ.

ಅದೇ 1921ರಲ್ಲಿ ಲಂಡನ್ನಿನಲ್ಲಿ ನಾರ್ಮನ್ ಆಂಡ್ ಹಿಲ್ ಎಂಬ ಕಂಪನಿ ಶುರುವಾಯಿತು. ಹಾಳೆಗಳನ್ನು ಬೇಕೆಂದಾಗ ಸೇರಿಸುವ, ಬೇಡವೆಂದಾಗ ತೆಗೆಯುವ ಉಂಗುರದ ಪುಸ್ತಕ ಅದರ ಸರಕು. ಮೂಲ ಕಲ್ಪನೆ ಅಮೆರಿಕದ ಲೆಫ್ಯಾಕ್ಸ್‌ನದು. ಇಂಗ್ಲೆಂಡಿನಲ್ಲಿ ಅದೇ ಫೈಲೋಫ್ಯಾಕ್ಸ್ ಎಂದು ಹೆಸರಾಯಿತು. 1980ರ ದಶಕದಲ್ಲಿ ಅದು ಅಲ್ಲಿನ ಸಿರಿವಂತ ಉದ್ಯೋಗಿಗಳ ಒಡವೆಯಂತಾಗಿತ್ತು. ನನಗೆ ಹಿಡಿಸಿದ್ದು ಅದಕ್ಕಿಂತ ಹಳೆಯ ಸಂಗತಿ. ಆ ಕಂಪನಿಯಲ್ಲಿ ಗ್ರೇಸ್ ಸ್ಕರ್ ಎಂಬ ಹೆಣ್ಣುಮಗಳು ತಾತ್ಕಾಲಿಕ ಟೈಪಿಸ್ಟಾಗಿ ಸೇರಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕಚೇರಿಯ ಕಾಗದಪತ್ರವೆಲ್ಲ ಸುಟ್ಟುಹೋಯಿತು. ಗ್ರೇಸ್ ಮಾತ್ರ ಸರಕು ಕೊಡುವವರ, ಕೊಳ್ಳುವವರ ವಿವರವನ್ನೆಲ್ಲ ತಮ್ಮ ಸ್ವಂತ ಫೈಲೋಫ್ಯಾಕ್ಸಿನಲ್ಲಿ ಬರೆದುಕೊಂಡು ದಿನವೂ ಮನೆಗೆ ಒಯ್ಯುತ್ತಿದ್ದರು. ಆ ಪುಸ್ತಕದಿಂದಲೇ ವ್ಯಾಪಾರ ಮತ್ತೆ ಎದ್ದು ನಿಂತಿತು. ಗ್ರೇಸ್ ಮುಂದೆ ಆ ಕಂಪನಿಯ ಅಧ್ಯಕ್ಷೆಯೂ ಆದರು. ಆರ್ಗನೈಸರ್ ಎಂದರೆ ದಿನಕ್ಕೆ ಎಷ್ಟು ಕೆಲಸ ಮುಗಿಸಿದೆ ಎಂದು ಟಿಕ್ ಹಾಕುವ ಸಾಧನ ಎಂದುಕೊಂಡಿದ್ದವನಿಗೆ ಈ ಸಂಗತಿ ಬೇರೆ ಅರ್ಥ ಕೊಟ್ಟಿತು. ಬೆಂಕಿ ಬಿದ್ದ ಮರುದಿನ ಕೆಲಸ ಶುರುಮಾಡಲು ಏನು ಬೇಕೋ ಅದು ಅದರೊಳಗೆ ಇರಬೇಕು. ಆಮೇಲೆ ಬೇಕಾದರೆ ಟಿಕ್.

ಈಗ ಮಾಡುವ ಬಗೆ. ಬಡಾವಣೆಯ ಜೆರಾಕ್ಸ್ ಅಂಗಡಿಯಿಂದ ಐವತ್ತು ಖಾಲಿ ಎ4 ಹಾಳೆ ತಂದು, ನಡುವೆ ಸರಿಯಾಗಿ ಕತ್ತರಿಸಿದೆ. ಎ4 ಅನ್ನು ಅಡ್ಡಕ್ಕೆ ಅರ್ಧ ಮಾಡಿದರೆ ಎ5 ಆಗುತ್ತದೆ: 148 ಮಿ.ಮೀ. ಅಗಲ, 210 ಮಿ.ಮೀ. ಉದ್ದ. ಕೈಯಲ್ಲಿ ಹಿಡಿಯಲು ಹದ, ಚೀಲದಲ್ಲಿ ಮಡಿಸದೆ ಹೋಗುತ್ತದೆ. ಕಚೇರಿಗಳಲ್ಲಿ ಬಳಸುವ ಎರಡು ತೂತಿನ ಪಂಚಿಂಗ್ ಮಷಿನ್‌ನ ತೂತುಗಳ ನಡುವೆ 80 ಮಿ.ಮೀ. ಅಂತರ ಇರುತ್ತದೆ. ಇದು ಹೆಚ್ಚಿನ ದೇಶಗಳು ಒಪ್ಪಿಕೊಂಡ ಅಳತೆ, ಹಾಗಾಗಿ ಇಂದು ತೂತು ಹಾಕಿದ ಹಾಳೆಗೆ ಐದು ವರ್ಷ ಬಿಟ್ಟು ಬೇರೆ ಊರಲ್ಲಿ ತೂತು ಹಾಕಿದ ಹಾಳೆಯೂ ಕೂಡುತ್ತದೆ. ಎಡಗಡೆ ಬೆರಳಗಲ ಜಾಗ ಬಿಟ್ಟು ಪಂಚ್ ಮಾಡಬೇಕು. ಪೋಣಿಸಲು ಫೈಲಿಗೆ ಹಾಕುವ ಟ್ಯಾಗು, ಎರಡು ತುದಿಗೂ ತಗಡಿನ ಕಡ್ಡಿ ಇರುವ ಹಸಿರು ದಾರ. ಮೇಲೆ ಕೆಳಗೆ ಸ್ವೀಟ್ ಬಾಕ್ಸಿನ ರಟ್ಟು. ವಿಭಾಗಗಳ ನಡುವೆ ಹಾಕಲು ಹಳೆಯ ಮದುವೆ ಲಗ್ನಪತ್ರಿಕೆಗಳು ಬಹಳ ಚೆನ್ನಾಗಿ ಒದಗಿದವು. ದಪ್ಪ ಕಾಗದ, ಬಣ್ಣವೂ ಬೇರೆ ಬೇರೆ. ಅಮ್ಮನಿಗೆ ಅದರಿಂದ ಇನ್ನೊಂದು ಅನುಕೂಲವಾಯಿತು. "ಮಾತ್ರೆ ವಿಷಯ ನಮ್ಮ ಅಣ್ಣನ ಮಗಳ ಮದುವೆ ಕಾರ್ಡಿನ ಹಿಂದಿದೆ" ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು.

ಲಾಂಗ್ ಬುಕ್ ಸಾಲದೇ ಎಂದು ಕೇಳಬಹುದು. ಸಾಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್‌ಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಸೊನ್ನೆಗೆ ಇಳಿದಿದೆ, ಅದೂ ಕೈಗೆಟುಕುವ ವಸ್ತುವೇ. ಒಬ್ಬರೇ ಇರುವವರು, ವಿದ್ಯಾರ್ಥಿಗಳು, ದಿನದ ಕೆಲಸವನ್ನಷ್ಟೇ ಬರೆಯುವವರು ಅದನ್ನೇ ಬಳಸಲಿ. ಮನೆಯ ಪುಸ್ತಕಕ್ಕೆ ನಾನು ಬಿಡಿ ಹಾಳೆಯನ್ನೇ ಹೇಳುತ್ತೇನೆ. ಮನೆಯ ವಿವರಗಳು ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಅಪ್ಪನ ಮಾತ್ರೆ ಮೂರು ತಿಂಗಳಿಗೆ ಬದಲಾಗುತ್ತದೆ, ಸೈಟಿನ ಖಾತೆ ನಂಬರು ಇಪ್ಪತ್ತು ವರ್ಷ ಹಾಗೇ ಇರುತ್ತದೆ, ಇವತ್ತು ತರಬೇಕಾದ ಕೊತ್ತಂಬರಿ ಸೊಪ್ಪು ಸಂಜೆಗೇ ಹಳತು. ಹೊಲಿದ ಪುಸ್ತಕದಲ್ಲಿ ಇವೆಲ್ಲ ಒಂದರ ಮೇಲೊಂದು ಬಿದ್ದು ಆರು ತಿಂಗಳಲ್ಲಿ ಏನೂ ಸಿಗದಂತಾಗುತ್ತದೆ. ಬಿಡಿ ಹಾಳೆಯಾದರೆ ಬದಲಾದದ್ದನ್ನು ಮಾತ್ರ ತೆಗೆದು ಹೊಸದನ್ನು ಪೋಣಿಸಿದರೆ ಮುಗಿಯಿತು. ಇನ್ನು ಹೊಸ ವರ್ಷಕ್ಕೆ ಬ್ಯಾಂಕಿನವರೋ ಕಂಪನಿಯವರೋ ಕೊಡುವ ತಾರೀಕು ಹಾಕಿದ ಡೈರಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಫೆಬ್ರವರಿಯಲ್ಲಿ ಹತ್ತು ದಿನ ಬರೆಯದಿದ್ದರೆ ಹತ್ತು ಖಾಲಿ ಪುಟ ನಮ್ಮನ್ನು ಬೈಯುವಂತೆ ಕೂತಿರುತ್ತದೆ. ಆ ಬೈಗುಳಕ್ಕೆ ಹೆದರಿಯೇ ಎಷ್ಟೋ ಜನ ಮಾರ್ಚಿಗೆ ಅದನ್ನು ಮಕ್ಕಳ ಗೀಚಾಟಕ್ಕೆ ಕೊಟ್ಟುಬಿಡುತ್ತಾರೆ.

ನಮ್ಮ ಕಡತದ ಮೊದಲ ಹಾಳೆಗೆ ಅಮ್ಮ "ಗಾಬರಿಯ ಹಾಳೆ" ಎನ್ನುತ್ತಾಳೆ. ಕೈ ನಡುಗುವ ಹೊತ್ತಿನಲ್ಲಿ ತೆರೆಯುವ ಹಾಳೆ, ಆದ್ದರಿಂದ ದಪ್ಪ ಅಕ್ಷರ. ಮನೆಯ ಪ್ರತಿಯೊಬ್ಬರ ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು, ಯಾವ ಔಷಧ ಆಗಿಬರುವುದಿಲ್ಲ, ನೋಡುವ ಡಾಕ್ಟರು ಯಾರು, ಆರೋಗ್ಯ ವಿಮೆಯ ಕಾರ್ಡ್ ಎಲ್ಲಿದೆ. ಕೆಳಗೆ ಆಂಬುಲೆನ್ಸಿಗೆ 108, ಪೊಲೀಸು-ಬೆಂಕಿ ಎಲ್ಲಕ್ಕೂ 112, ಕರೆಂಟ್ ಹೋದರೆ 1912, ಬ್ಯಾಂಕಿನ ದುಡ್ಡು ವಂಚಕರ ಪಾಲಾದರೆ ತಕ್ಷಣ ಕರೆ ಮಾಡಬೇಕಾದ 1930. ಈ ನಂಬರುಗಳು ಫೋನಿನಲ್ಲೂ ಇವೆ, ನಿಜ. ಆದರೆ ಬಿದ್ದವರ ಫೋನಿಗೆ ಲಾಕ್ ಇರುತ್ತದೆ.

ಎರಡನೆಯ ವಿಭಾಗವನ್ನು ತುಂಬಲು ನಮಗೆ ಮೂರು ಭಾನುವಾರ ಹಿಡಿಯಿತು. ಅದರ ಹೆಸರು "ಎಲ್ಲಿದೆ?" ಸೈಟಿನ ಕ್ರಯಪತ್ರ ಬೀರುವಿನ ಯಾವ ಅರೆಯಲ್ಲಿ, ಖಾತೆ ನಂಬರು ಏನು, ಊರಿನ ಜಮೀನಿನ ಪಹಣಿಯ ಸರ್ವೆ ನಂಬರು ಯಾವುದು, ಯಾರ ಹೆಸರಿನಲ್ಲಿದೆ. ರೇಷನ್ ಕಾರ್ಡು, ಗ್ಯಾಸಿನ ಕನ್ಸ್ಯೂಮರ್ ನಂಬರು, ಆರ್.ಆರ್. ನಂಬರು. ಯಾವ ಬ್ಯಾಂಕಿನಲ್ಲಿ ಖಾತೆಯಿದೆ, ಎಲ್ಲಿ ಠೇವಣಿ ಇದೆ, ಅಂಚೆ ಕಚೇರಿಯಲ್ಲಿ ಏನಿದೆ, ಪಾಲಿಸಿ ಎಷ್ಟು, ನಾಮಿನಿ ಯಾರು. ಅಮ್ಮ ಕೈಸಾಲ ಕೊಟ್ಟದ್ದು, ಚೀಟಿ ಕಟ್ಟುತ್ತಿರುವುದು, ಬ್ಯಾಂಕಿನಲ್ಲಿ ಅಡವಿಟ್ಟ ಬಳೆ. ಒಂದೊಂದು ಸಾಲು ಬರೆಸುವಾಗಲೂ ಅವಳು ಒಂದೊಂದು ಕಥೆ ಹೇಳಿದಳು. ಆ ಬಳೆ ಅಡವಿಟ್ಟದ್ದು ನನ್ನ ಇಂಜಿನಿಯರಿಂಗ್ ಎರಡನೇ ವರ್ಷದ ಫೀಸಿಗೆ ಎನ್ನುವುದು ಅವತ್ತು ತಿಳಿಯಿತು. ಬಿಡಿಸಿಕೊಂಡದ್ದು, ಮತ್ತೆ ಇಟ್ಟದ್ದು, ಮತ್ತೆ ಬಿಡಿಸಿಕೊಂಡದ್ದು ಎಲ್ಲ ಅವಳ ನೆನಪಿನಲ್ಲಿ ತಾರೀಕಿನ ಸಮೇತ ಇತ್ತು. ನಾನು ಬರೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೂತಿದ್ದೆ. "ಬರ್ಕೋ, ಒಲೆ ಮೇಲೆ ಸಾರಿದೆ" ಎಂದಳು.

ಈ ವಿಭಾಗಕ್ಕೆ ನಾನು ಇಷ್ಟು ಮಹತ್ವ ಕೊಡಲು ಇನ್ನೊಂದು ಕಾರಣವಿದೆ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಖಾತೆ, ಯಾರೂ ಕೇಳದ ಠೇವಣಿಗಳ ಹಣ ರಿಸರ್ವ್ ಬ್ಯಾಂಕ್ 2014ರಲ್ಲಿ ಮಾಡಿದ ಒಂದು ನಿಧಿಗೆ ಹೋಗುತ್ತದೆ. ಅಂಥ ಹಣವನ್ನು ಹುಡುಕಲು ಜನರಿಗೆ ನೆರವಾಗಲೆಂದು 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಜಾಲತಾಣವನ್ನೇ ತೆರೆಯಬೇಕಾಯಿತು. ವಾರಸುದಾರರು ದಾಖಲೆ ತೋರಿಸಿ ಆಮೇಲೂ ಹಣ ಪಡೆಯಬಹುದು. ಆದರೆ ಮೊದಲು ಆ ಖಾತೆ ಇದೆ ಎಂದು ಗೊತ್ತಿರಬೇಕಲ್ಲ? ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡು ಒಂದು ಸಾಲು ಬರೆದಿಡದೆ ಕೈತಪ್ಪುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಈ ಹಾಳೆ ಬರೆಯಲು ಕೂತಾಗ ನಾಮಿನಿಯೇ ಇಲ್ಲದ ಎರಡು ಖಾತೆಗಳು ನಮ್ಮಲ್ಲಿ ಸಿಕ್ಕವು. ಬರೆಯದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆ. ಎ.ಟಿ.ಎಂ. ಪಿನ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್, ಯು.ಪಿ.ಐ. ಪಿನ್ ಈ ಪುಸ್ತಕದಲ್ಲಿ ಬರೆಯಬೇಡಿ. ಪುಸ್ತಕ ಎಲ್ಲರ ಕೈಗೂ ಸಿಗುವಂತೆ ಇರಬೇಕು, ಹಾಗಾಗಿ ಕಳ್ಳನ ಕೈಗೂ ಸಿಗಬಹುದು. ಪತ್ರಗಳು ಎಲ್ಲಿವೆ ಎಂದು ಬರೆದರೆ ಸಾಕು, ಪತ್ರಗಳನ್ನೇ ಇದರೊಳಗೆ ಇಡುವುದೂ ಬೇಡ. ಬ್ಯಾಂಕ್ ಖಾತೆಯ ನಂಬರಿನ ಕೊನೆಯ ನಾಲ್ಕು ಅಂಕಿ ಇದ್ದರೆ ಮನೆಯವರಿಗೆ ಗುರುತಿಗೆ ಸಾಲುತ್ತದೆ.

ಮೂರನೆಯದು ವರ್ಷದ ಹಾಳೆಗಳು, ತಿಂಗಳಿಗೊಂದು. ಇದರಲ್ಲಿ ಹಬ್ಬ ಹುಣ್ಣಿಮೆ ಬರೆಯುವ ಅಗತ್ಯವಿಲ್ಲ, ಅದಕ್ಕೆ ಗೋಡೆಯ ಕ್ಯಾಲೆಂಡರ್ ಇದೆ. ಇಲ್ಲಿ ಬರೆಯುವುದು ವರ್ಷಕ್ಕೊಮ್ಮೆಯೋ ಅಪರೂಪಕ್ಕೋ ಬಂದು ಮರೆತುಹೋಗುವಂಥವು. ಏಪ್ರಿಲ್‌ನಲ್ಲಿ ಮನೆ ಕಂದಾಯ, ಆ ತಿಂಗಳೊಳಗೆ ಕಟ್ಟಿದರೆ ನಮ್ಮ ನಗರ-ಪಟ್ಟಣಗಳಲ್ಲಿ ಶೇ. 5 ರಿಯಾಯಿತಿ ಉಂಟು. ನವೆಂಬರ್‌ನಲ್ಲಿ ಅಪ್ಪನ ಪಿಂಚಣಿಗೆ ಜೀವಂತ ಪ್ರಮಾಣಪತ್ರ. ಬೈಕಿನ ಇನ್ಶೂರೆನ್ಸ್ ಮುಗಿಯುವ ದಿನ, ಎಮಿಷನ್ ಸರ್ಟಿಫಿಕೇಟ್ ಮುಗಿಯುವ ದಿನ. ಪಾಲಿಸಿಯ ಕಂತು: ವರ್ಷದ, ಆರು ತಿಂಗಳ ಕಂತಿಗೆ ಸಾಮಾನ್ಯವಾಗಿ 30 ದಿನದ ಗಡುವು ಸಿಗುತ್ತದೆ, ತಿಂಗಳ ಕಂತಿಗೆ 15 ದಿನ ಮಾತ್ರ. ಮಗುವಿಗೆ 5 ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಆಧಾರ್‌ನ ಬೆರಳಚ್ಚು ಹೊಸದಾಗಿ ಕೊಡಬೇಕು. ಗ್ಯಾಸ್ ಒಲೆಯ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ನಮ್ಮ ಮನೆಯದು ಯಾವಾಗ ಹಾಕಿದ್ದು ಎಂದು ಅಮ್ಮನಿಗೂ ನೆನಪಿರಲಿಲ್ಲ, ಮರುದಿನವೇ ಹೊಸದು ತಂದೆ.

ಉಳಿದದ್ದು ದಿನದ ಹಾಳೆ. ಹೆಚ್ಚಿನವರು ಆರ್ಗನೈಸರ್ ಎಂದಾಗ ಇದನ್ನೇ ನೆನೆಯುತ್ತಾರೆ, ಇದರಲ್ಲೇ ಸೋಲುತ್ತಾರೆ. ಬ್ರೂಕ್ಲಿನ್‌ನ ರೈಡರ್ ಕ್ಯಾರಲ್ ಎಂಬ ವಿನ್ಯಾಸಕಾರರಿಗೆ ಚಿಕ್ಕಂದಿನಿಂದ ಗಮನ ಒಂದೆಡೆ ನಿಲ್ಲದ ತೊಂದರೆಯಿತ್ತು. ತಮಗಾಗಿ ಕಂಡುಕೊಂಡ ಬರವಣಿಗೆಯ ಕ್ರಮವನ್ನು ಅವರು 2013ರಲ್ಲಿ ಬುಲೆಟ್ ಜರ್ನಲ್ ಎಂಬ ಹೆಸರಿನಲ್ಲಿ ಹಂಚಿಕೊಂಡರು. ಈಗ ಅದರ ಹೆಸರಿನಲ್ಲಿ ಬಣ್ಣದ ಪೆನ್ನು, ಸ್ಟಿಕ್ಕರು, ಅಲಂಕಾರದ ಟೇಪುಗಳ ದೊಡ್ಡ ವ್ಯಾಪಾರವೇ ನಡೆಯುತ್ತಿದೆ. ಮೂಲದಲ್ಲಿ ಅದು ಒಂದು ಪೆನ್ನು, ಒಂದು ಪುಸ್ತಕ, ಅಷ್ಟೇ. ಮಾಡಬೇಕಾದ್ದಕ್ಕೆ ಒಂದು ಚುಕ್ಕೆ, ಮುಗಿದರೆ ಅದರ ಮೇಲೆ ಇಂಟು. ಮುಗಿಯದಿದ್ದರೆ ತಿಂಗಳ ಕೊನೆಗೆ ಅದನ್ನು ಕೈಯಾರೆ ಹೊಸ ಹಾಳೆಗೆ ಬರೆಯಬೇಕು. ನನಗೆ ಈ ಕೊನೆಯ ಮಾತು ಬಹಳ ಮುಖ್ಯ ಅನ್ನಿಸುತ್ತದೆ. ಫೋನಿನ ಪಟ್ಟಿಯಲ್ಲಿ ಒಂದು ಕೆಲಸ ಎರಡು ವರ್ಷ ಸುಮ್ಮನೆ ಬಿದ್ದಿರಬಹುದು, ಅದಕ್ಕೆ ಯಾರ ಶ್ರಮವೂ ಬೇಡ. ಕೈಯಲ್ಲಿ ಮೂರನೆಯ ಸಲ "ಸೋದರತ್ತೆಯನ್ನು ನೋಡಿಬರಬೇಕು" ಎಂದು ಬರೆಯುವಾಗ ಮನಸ್ಸು ಕೇಳುತ್ತದೆ: ಹೋಗುತ್ತೀಯೋ, ಬಿಡುತ್ತೀಯೋ? ನಾನು ಮೂರನೆಯ ಸಲ ಬರೆದ ವಾರವೇ ತೀರ್ಥಹಳ್ಳಿಯ ಬಸ್ಸು ಹತ್ತಿದೆ.

ಬರೆಯುವಾಗ ಕೆಲಸದ ಹೆಸರಷ್ಟೇ ಬರೆದರೆ ಸಾಲದು, ಯಾವಾಗ ಹೇಗೆ ಎನ್ನುವುದೂ ಬೇಕು. ಅದಕ್ಕೆ ಕಾರಣ ನಮ್ಮ ನೆನಪಿನ ಸ್ವಭಾವ. ಉಡುಪಿ ಹೋಟೆಲುಗಳಲ್ಲಿ ಹಿಂದೆ ಮಾಣಿಗಳು ಎಂಟು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ಹೇಳುತ್ತಿದ್ದುದನ್ನು ನೋಡಿದವರಿದ್ದೀರಿ. ಬಿಲ್ಲು ಕೊಟ್ಟ ಮೇಲೆ ಅದೇ ಮಾಣಿಯನ್ನು ಕೇಳಿದರೆ ನೆನಪಿರುವುದಿಲ್ಲ. ಬರ್ಲಿನ್‌ನ ಹೋಟೆಲಿನಲ್ಲಿ ಇಂಥದ್ದೇ ಒಂದನ್ನು ಗಮನಿಸಿದ್ದರಿಂದ ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿಯ ಪ್ರಯೋಗ ಹುಟ್ಟಿತು ಎಂದು ಹೇಳುತ್ತಾರೆ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿನಲ್ಲಿರುತ್ತದೆ ಎಂದು ಅವರು 1927ರಲ್ಲಿ ಬರೆದರು. ಆಮೇಲೆ ನಡೆದ ಎಲ್ಲ ಪ್ರಯೋಗಗಳಲ್ಲೂ ಅದೇ ಫಲ ಬಂದಿಲ್ಲ. ಆದರೆ 2011ರಲ್ಲಿ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಸಂಶೋಧಕರು ಇದಕ್ಕೆ ಇನ್ನೊಂದು ತುಂಡು ಸೇರಿಸಿದರು. ಉಳಿದ ಕೆಲಸ ಮನಸ್ಸನ್ನು ಕೊರೆಯುವುದು ನಿಲ್ಲಲು ಅದನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ ಹೇಗೆ ಮಾಡುತ್ತೇನೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಸಾಕು ಎಂದು ಅವರ ಪ್ರಯೋಗಗಳಲ್ಲಿ ಕಂಡಿತು. ಹಾಗಾಗಿ "ಅಪ್ಪನ ಕಣ್ಣು" ಎಂದು ಬರೆದರೆ ಏನೂ ಆಗುವುದಿಲ್ಲ. "ಗುರುವಾರ ಹತ್ತಕ್ಕೆ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಹಳೇ ಚೀಟಿ ತೆಗೆದುಕೊಳ್ಳುವುದು" ಎಂದು ಬರೆದ ರಾತ್ರಿ ನಿದ್ದೆ ಬರುತ್ತದೆ. ಇದು ನನ್ನ ಅನುಭವವೂ ಹೌದು.

ಫೋನು ಬೇಡವೇ? ಬೇಕು. ಎಂಟು ಗಂಟೆಗೆ ಮಾತ್ರೆ ತೆಗೆದುಕೊಳ್ಳಿ ಎಂದು ಕೂಗಲು ಫೋನಿಗಿಂತ ಒಳ್ಳೆಯದಿಲ್ಲ. ಪುಸ್ತಕಕ್ಕೆ ಬಾಯಿಲ್ಲ. ಆದರೆ ಮನೆಯ ವಿಷಯ ಒಬ್ಬರ ಫೋನಿನೊಳಗೆ ಸೇರಿತೆಂದರೆ ಅದು ಮತ್ತೆ ಒಬ್ಬರ ತಲೆಯೊಳಗೆ ಸೇರಿದ ಹಾಗೆಯೇ. ಎಪ್ಪತ್ತು ದಾಟಿದ ಅಪ್ಪ, ಹತ್ತು ವರ್ಷದ ಮಗ ಇಬ್ಬರೂ ಕೇಳದೆ ತೆರೆಯಬಹುದಾದ್ದು ಮೊಳೆಗೆ ತೂಗುಹಾಕಿದ ಪುಸ್ತಕ ಮಾತ್ರ. ಆರು ತಿಂಗಳಿಗೊಮ್ಮೆ ಅದರ ಮುಖ್ಯ ಹಾಳೆಗಳ ಫೋಟೋ ತೆಗೆದು ಬೇರೆ ಊರಿನಲ್ಲಿರುವ ತಂಗಿಗೆ ಕಳಿಸುತ್ತೇನೆ. ಗ್ರೇಸ್ ಸ್ಕರ್ ಪುಸ್ತಕವನ್ನು ದಿನವೂ ಮನೆಗೆ ಒಯ್ಯುತ್ತಿದ್ದುದರಿಂದ ಕಲಿತ ಪಾಠ ಇದು.

ಪುಸ್ತಕ ಪೋಣಿಸುವುದು ಒಂದು ಸಂಜೆಯ ಕೆಲಸ, ಉಳಿಸಿಕೊಳ್ಳುವುದು ಮಾತ್ರ ಕಷ್ಟ. ನಮ್ಮ ಮನೆಯಲ್ಲಿ ಭಾನುವಾರ ತಿಂಡಿಯಾದ ಮೇಲೆ ಕಾಫಿ ಕುಡಿಯುತ್ತ ಇಪ್ಪತ್ತು ನಿಮಿಷ ಎಲ್ಲರೂ ಕಡತದ ಮುಂದೆ ಕೂರುತ್ತೇವೆ. ಮುಂದಿನ ವಾರ ಏನೇನಿದೆ, ಯಾರು ಏನು ಮಾಡುತ್ತಾರೆ ಎಂದು ಬರೆಯುತ್ತೇವೆ, ಹೆಸರು ಸಮೇತ. ಹೆಸರು ಬರೆಯಲು ಶುರುವಾದ ಮೇಲೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಮೊದಲ ತಿಂಗಳ ಹಾಳೆಗಳಲ್ಲಿ ಮುಕ್ಕಾಲು ಪಾಲು ಸಾಲುಗಳ ಮುಂದೆ ಅಮ್ಮನದೋ ನನ್ನ ಹೆಂಡತಿಯದೋ ಹೆಸರಿತ್ತು. ಅದುವರೆಗೆ ಆ ಕೆಲಸಗಳು ಎಲ್ಲೂ ಬರೆದಿರಲಿಲ್ಲವಾದ್ದರಿಂದ ಅವು ಕೆಲಸವೆಂದೇ ನಮಗೆ ಕಂಡಿರಲಿಲ್ಲ. ಕುಕ್ಕರ್ ಹಿಂದಿರುಗಿಸುವುದು, ಮಗನ ಯೂನಿಫಾರಂ ಹೊಲಿಸುವುದು, ಗ್ಯಾಸ್ ಬುಕ್ ಮಾಡುವುದು, ಅಪ್ಪನ ಮಾತ್ರೆ ಮುಗಿಯುವ ನಾಲ್ಕು ದಿನ ಮೊದಲು ತರಿಸುವುದು. ಮಾಡುವ ಕೆಲಸಕ್ಕಿಂತ, ಮಾಡಬೇಕೆಂದು ನೆನಪಿಟ್ಟುಕೊಳ್ಳುವ ಭಾರವೇ ದೊಡ್ಡದು. ನಮ್ಮ ಮನೆಗಳಲ್ಲಿ ಅದನ್ನು ಹೊತ್ತವರು ಹೆಂಗಸರು. ಈಗ ಮಾತ್ರೆ ತರುವುದರ ಮುಂದೆ ನನ್ನ ಹೆಸರಿದೆ, ಗ್ಯಾಸಿನ ಮುಂದೆ ಅಪ್ಪನ ಹೆಸರಿದೆ, ಹಾಲಿನ ಲೆಕ್ಕ ಮಗನದು. ಬದುಕು ಓರಣವಾಗುವುದು ಎಂದರೆ ನನಗೆ ಈಗ ಕಾಣುವ ಅರ್ಥ ಇಷ್ಟು.

ನಡುವೆ ಎರಡು ತಿಂಗಳು ನಾವು ಕೂರಲೇ ಇಲ್ಲ. ಮದುವೆಗಳು, ಮಗನ ಪರೀಕ್ಷೆ, ನನ್ನ ಕಚೇರಿಯ ಓಡಾಟ. ಆಗಲೂ ಗಾಬರಿಯ ಹಾಳೆ, "ಎಲ್ಲಿದೆ?" ಹಾಳೆಗಳು ಹಾಗೇ ಇದ್ದವು, ಕೆಲಸಕ್ಕೆ ಬಂದವು. ದಿನದ ಹಾಳೆಯನ್ನು ಮತ್ತೆ ಒಂದು ಭಾನುವಾರ ಹೊಸದಾಗಿ ಪೋಣಿಸಿದೆವು. ಬಿಟ್ಟು ಹಿಡಿದು ನಡೆದರೂ ಪರವಾಗಿಲ್ಲ.

ನೀವು ಇದನ್ನು ಓದುತ್ತಿರುವುದು ವಾರದ ಯಾವ ದಿನವೇ ಇರಲಿ, ಇವತ್ತೇ ಒಂದು ಹಾಳೆಯಿಂದ ಶುರುಮಾಡಿ. ರಟ್ಟು, ಟ್ಯಾಗು, ಲಗ್ನಪತ್ರಿಕೆ ಎಲ್ಲ ಆಮೇಲೆ ಬರಲಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆಯ ಹೆಸರನ್ನು ನೋಡಿ ಬರೆಯಿರಿ. ಸ್ಟ್ರಿಪ್ಪಿನಲ್ಲಿ ಹೆಸರಿರುವ ಭಾಗ ಕತ್ತರಿಸಿ ಹೋಗುವ ಮೊದಲು ಬರೆಯಿರಿ.